ಒಂಟೆಯ ಕಾಲಡಿಯ ನಿಂಬೆಹಣ್ಣು

ಅಲ್ಲ, ಒಂಟೆ ಮೊದಲು ಬಾಯಿ ಹಾಕಿದ್ದು ನಿಂಬೆಹಣ್ಣಿಗೋ ನಮ್ಮ ಬಾವನ ಟೋಪಿಗೋ ಎಂಬುದನ್ನು ಈಗ ಖಚಿತವಾಗಿ ಹೇಳಲಾರೆ. ಅಕ್ಕ ಟೋಪಿಗೆ ಎನ್ನುತ್ತಾಳೆ. ಬಾವನ ಪ್ರಕಾರ ಒಂಟೆ ಯಾವುದಕ್ಕೂ ಬಾಯಿ ಹಾಕಲಿಲ್ಲ, ಪ್ರಸಾದದ ಹಾಗೆ ಸ್ವೀಕರಿಸಿತು. ನನ್ನ ನೆನಪನ್ನಂತೂ ನಾನೇ ನಂಬುವುದಿಲ್ಲ. ಹೇಳಿದ ಪ್ರತಿ ಸಲವೂ ಆ ಒಂಟೆ ಗೇಣುದ್ದ ಬೆಳೆಯುತ್ತಿದೆ. ಆದರೆ ಒಂದು ಮಾತನ್ನು ಯಾವ ಕಟಕಟೆಯಲ್ಲಿ ನಿಂತಾದರೂ ಹೇಳಿಯೇನು: ನೈರೋಬಿಯಲ್ಲಿ ನಿಂಬೆಹಣ್ಣು ಸಿಗದ ದಿನ ಪೊಲೀಸರು ಮೊದಲು ವಿಚಾರಿಸಬೇಕಾದದ್ದು ನಮ್ಮ ಬಾವನನ್ನು!

ಚಕ್ರವಿರುವ ಯಾವುದೂ ನಿಂಬೆಹಣ್ಣು ತುಳಿಯದೆ ಹೊರಡಕೂಡದು ಎಂಬುದು ಅವರ ನಿಯಮ. ಆಯುಧಪೂಜೆಯ ದಿನ ಎಲ್ಲರೂ ಕಾರಿನಡಿ ಇಡುತ್ತಾರೆ, ಸರಿ. ಇವರಿಗೆ ದಿನವೂ ಆಯುಧಪೂಜೆ. ಲಂಗಾಟಾ ಬಡಾವಣೆಯ ಅವರ ಮನೆಯ ಗೇಟಿನ ಮುಂದೆ ರಸ್ತೆಗೇ ಉಪ್ಪಿನಕಾಯಿ ವಾಸನೆ. ಒಮ್ಮೆ ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸಿನ ಪುಟಾಣಿ ಚಕ್ರಗಳಡಿ ಇಡಲು ಕುಕ್ಕರಗಾಲಲ್ಲಿ ಕೂತಿದ್ದಾಗ ಭದ್ರತೆಯವರು ಬಂದು, ಹಣ್ಣುಗಳನ್ನು ಯಂತ್ರದೊಳಗೆ ಕಳಿಸಿ ನೋಡಿದರು. ಹಣ್ಣು ಪಾಸಾಯಿತು. ಬಾವನನ್ನು ಪಕ್ಕದ ಕೋಣೆಗೆ ಕರೆದೊಯ್ದರು.

ಇಂಥವರ ಕಾರಿನಲ್ಲಿ, ಉತ್ತರದ ಒಣ ಬಯಲಲ್ಲಿ ನಡೆಯುವ ಒಂಟೆ ಓಟ ನೋಡಲು ಹೊರಟೆವು. ನೋಡಲು ಎಂದೆನೇ? ಅಲ್ಲಿ ಹೊರಗಿನವರೂ ಸವಾರಿ ಮಾಡಬಹುದಾದ ಚಿಕ್ಕ ಓಟವೊಂದಿತ್ತು. ಅದಕ್ಕೆ ಬಾವನ ಹದಿನಾರರ ಮಗಳು ಹೆಸರು ಕೊಟ್ಟಿದ್ದಳು. ನೈರೋಬಿಯಲ್ಲೇ ಬೆಳೆದ ಹುಡುಗಿ, ಕನ್ನಡದ ಪ್ರಶ್ನೆಗೆಲ್ಲ ಇಂಗ್ಲಿಷಿನ ಉತ್ತರ. ಅಲ್ಲಿ ಜನರೆದುರು ಒಂದೇ ಒಂದು ನಿಂಬೆಹಣ್ಣು ಕಂಡರೂ ಇನ್ನೆಂದೂ ಮನೆಯವರ ಜೊತೆ ಪ್ರವಾಸಕ್ಕೆ ಬರುವುದಿಲ್ಲವೆಂದು ಹೊರಡುವ ಮೊದಲೇ ಅಪ್ಪನಿಗೆ ಹೇಳಿಬಿಟ್ಟಿದ್ದಳು. ಅಂದದ್ದನ್ನು ಮಾಡಿಯೇ ತೀರುವವಳು. ಬಾವನ ಜೀವ ಅಲ್ಲಿಗೇ ಅರ್ಧವಾಗಿತ್ತು.

ಹಾಗೆಂದು ಬಿಟ್ಟರೇ? ಚಹಾಕ್ಕೆ ನಿಂತಲ್ಲಿ, ಪೆಟ್ರೋಲಿಗೆ ನಿಂತಲ್ಲಿ, ಮಗಳು ಅತ್ತ ತಿರುಗಿದ್ದೇ ತಡ, ಇತ್ತ ಟೈರಿನಡಿ ಹಣ್ಣು. ಕಾರು ಹೊರಟಾಗಲೆಲ್ಲ ಪಚಕ್ ಎನ್ನುವ ಸದ್ದು.

“ಅಪ್ಪಾ, ವಾಟ್ ವಾಸ್ ದಟ್?”

“ಕಲ್ಲು, ಪುಟ್ಟಾ.”

ಹುಳಿ ವಾಸನೆಯ ಕಲ್ಲು! ಜಾಲಿ ಗಿಡ, ಕೆಂಪು ಧೂಳು, ಕತ್ತೆಗಳಂತೆ ರಸ್ತೆಗೆ ಅಡ್ಡ ನಿಂತ ಜೀಬ್ರಾ, ಮತ್ತೆ ಒಂದು ಕಲ್ಲು. ಹೀಗೆ ಓಟದ ಊರು ತಲುಪಿದೆವು.

ಮೈದಾನದಲ್ಲಿ ಮಗಳು ಒಂಟೆ ಹತ್ತಿದಳು. ಅದು ಹಿಂಗಾಲಿನಿಂದ ಎದ್ದಾಗ ಅವಳು ಮುಂದಕ್ಕೆ ವಾಲಿ, ಇನ್ನೇನು ಜಾರಿದಳು ಎನ್ನುವಷ್ಟರಲ್ಲಿ ಸಾವರಿಸಿಕೊಂಡಳು. ಬಾವನ ಕೈ ತಾನಾಗಿ ನಿಂಬೆಹಣ್ಣಿದ್ದ ಬಟ್ಟೆಯ ಚೀಲಕ್ಕೆ ಹೋಯಿತು.

“ಬೇಡ ಬಾವ. ಇದಕ್ಕೆ ಚಕ್ರ ಎಲ್ಲಿದೆ?” ಎಂದೆ.

“ವಾಹನ ಅಂದ್ಮೇಲೆ ವಾಹನಾನೇ ಕಣಮ್ಮ. ಗಣಪತಿ ಇಲಿಗೆ ಚಕ್ರ ಇದ್ಯಾ?”

ಹಗ್ಗದಡಿ ನುಸುಳಿ ಹೋಗಿ, ಒಂಟೆಯ ಪಾದಗಳ ಮುಂದೆ ಶ್ರದ್ಧೆಯಿಂದ ಹಣ್ಣಿಟ್ಟರು. ಒಂಟೆ ಬಗ್ಗಿ ನೋಡಿತು. ಎಲ್ಲವನ್ನೂ ತಿಂದಿತು, ನಡುವೆ ಬಾವನ ಟೋಪಿಗೂ ಬಾಯಿ ಹಾಕಿತು. ಸೀಟಿ ಊದಿದಾಗ ಉಳಿದ ಒಂಟೆಗಳು ಧೂಳೆಬ್ಬಿಸಿ ಹೋದವು. ಇದು ಮಾತ್ರ ಬಾವನ ಚೀಲಕ್ಕೆ ಮೂತಿ ಚಾಚಿತು. ಬಾವ ಹಿಂದೆ ಸರಿದರು, ಒಂಟೆ ಮುಂದೆ ಬಂತು. ಬಾವ ಓಡಿದರು, ಒಂಟೆಯೂ ಓಡಿತು! ಮುಂದೆ ಚಪ್ಪಲಿ ಪಟಪಟಿಸುತ್ತ ಬಾವ, ಹಿಂದೆ ಒಂಟೆ, ಮೇಲೆ ಮಗಳು, ಪಕ್ಕದಲ್ಲಿ ಹಗ್ಗ ಹಿಡಿದು ನಗಲೂ ಆಗದೆ ಓಡಲೂ ಆಗದೆ ಒಂಟೆಯವನು. “ಹರಾಕಾ, ಮ್ಜೀ” ಎಂದು ಸ್ವಾಹಿಲಿಯಲ್ಲಿ ಕೂಗಿ, ಬೇಗ ಓಡುವಂತೆ ಹಿರಿಯರನ್ನು ಮೈದಾನವೇ ಹುರಿದುಂಬಿಸಿತು. ಎಲ್ಲರಿಗಿಂತ ಕೊನೆಗೆ ಗುರಿ ಮುಟ್ಟಿದರೂ ಗೆದ್ದವನಿಗಿಂತ ಹೆಚ್ಚು ಚಪ್ಪಾಳೆ ಇವರಿಗೇ.

ಮಗಳು ಇಳಿದವಳೇ ಕಾರಿನಲ್ಲಿ ಕೂತು ಕಿವಿಗೆ ಇಯರ್‌ಫೋನ್ ಹಾಕಿಕೊಂಡಳು. ಹೋಟೆಲಿನಲ್ಲಿ ಊಟಕ್ಕೆ ಕೂತಾಗಲೂ ಸುಟ್ಟ ಮಾಂಸದ ತಟ್ಟೆಯಿಂದ ತಲೆ ಎತ್ತಲಿಲ್ಲ. ಬಾವ ಮೊಸರನ್ನವನ್ನು ಕಲಸುತ್ತಲೇ ಇದ್ದರು.

“ಮುಗೀತು. ಇನ್ನು ಅವಳು ನಮ್ ಜೊತೆ ಬರಲ್ಲ,” ಎಂದರು ನನಗಷ್ಟೇ ಕೇಳುವಂತೆ.

ಬೆಳಿಗ್ಗೆ ಬರಿಗೈಯಲ್ಲಿ ಕಾರಿನತ್ತ ನಡೆದರು. ಚೀಲವನ್ನು ಒಂಟೆ ಖಾಲಿ ಮಾಡಿತ್ತು, ಇದ್ದಿದ್ದರೂ ಇಡುತ್ತಿರಲಿಲ್ಲ. ಆದರೆ ಪ್ರತಿ ಟೈರಿನ ಮುಂದೆಯೂ ಒಂದೊಂದು ನಿಂಬೆ ಹೋಳು. ಹೋಟೆಲಿನಲ್ಲಿ ಮಾಂಸದ ತಟ್ಟೆಯ ಅಂಚಿಗೆ ಇಡುತ್ತಾರಲ್ಲ, ಅಂಥದ್ದು, ಆಗಲೇ ಹಿಂಡಿದ್ದು. ಇಡೀ ಹಣ್ಣೇ ಇಡಬೇಕೆಂಬುದು ತಿಳಿಯದವರು ಇಟ್ಟಿದ್ದು. ಕುಂಕುಮದ ಬೊಟ್ಟು ಓರೆಯಾದರೂ ತಿದ್ದುವ ಬಾವ ಏನನ್ನೂ ತಿದ್ದಲಿಲ್ಲ. ಕನ್ನಡಕ ತೆಗೆದು ಒರೆಸಿದರು, ಬಹಳ ಹೊತ್ತು ಒರೆಸಿದರು. ಆಮೇಲೆ ಕೂತು, ಕಾರನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟರು. ರಸವಿಲ್ಲದ ಹೋಳು, ಸದ್ದೇ ಬರಲಿಲ್ಲ.

“ಕಲ್ಲು, ಅಪ್ಪಾ.” ಹಿಂದಿನ ಸೀಟಿನಿಂದ, ಕನ್ನಡದಲ್ಲಿ.

ಮುಂದೆ ಕೂತಿದ್ದ ನನಗೆ ಹಾಗೆ ಕೇಳಿಸಿತು. ಹಿಂದೆ ಮಗಳ ಪಕ್ಕದಲ್ಲೇ ಇದ್ದ ಅಕ್ಕ, ಯಾರೂ ಏನೂ ಅನ್ನಲಿಲ್ಲ ಎನ್ನುತ್ತಾಳೆ. ಮಗಳನ್ನು ಕೇಳಿದರೆ ಹೆಗಲು ಕುಣಿಸುತ್ತಾಳೆ. ಬಾವನನ್ನು ಕೇಳುವ ಧೈರ್ಯ ನನಗಿಲ್ಲ. ಆ ಹೋಳುಗಳನ್ನು ಇಟ್ಟವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.