ನಮ್ಮ ಮನೆಯ ದೋಷ ಪರಿಹಾರ

ಭಾಷಾಭಿಮಾನ ಒಳ್ಳೆಯದೇ, ಆದರೆ ಅದು ಸಾರಿಗೆ ಹಾಕುವ ಉಪ್ಪಿನ ಹಾಗೆ. ಕೈ ತಪ್ಪಿ ಒಂದು ಹಿಡಿ ಹೆಚ್ಚು ಬಿದ್ದರೆ ಉಣ್ಣುವವರಿಗೆ ಕಷ್ಟ. ನನ್ನ ಕೈ ಸದಾ ತಪ್ಪುತ್ತದೆ. ಒಮ್ಮೆ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನ ಬಾಗಿಲಿಗೆ ‘ಏರಿಳಿ ಯಂತ್ರ’ ಎಂದು ಬರೆದು ಅಂಟಿಸಿದ್ದೆ. ಪಾರ್ಸೆಲ್ ತಂದವನೊಬ್ಬ ಐದು ಮಹಡಿ ಹತ್ತಿಕೊಂಡು ಏದುಸಿರು ಬಿಡುತ್ತ ಬಂದ. ಯಾಕಪ್ಪಾ ಎಂದು ಕೇಳಿದರೆ, “ಯಂತ್ರ ಗಿಂತ್ರ ಅಂತ ಬರ್ದೈತಲ್ಲ ಸಾರ್, ಯಾರಾನ ಮಾಟ ಮಾಡ್ಸವ್ರೇನೋ ಅಂತ ಮುಟ್ಲಿಲ್ಲ” ಅಂದ. ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ.

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೂ ತಣಿಸಂದ್ರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನ್ನನ್ನು ದೊಡ್ಡ ತಂತ್ರಜ್ಞ ಎಂದು ತಿಳಿದಿದ್ದಾರೆ. ಕಾರಣ ಇಷ್ಟೇ: ಒಂದು ಹಳೇ ಕಂಪ್ಯೂಟರಿಗೆ ಬಿಟ್ಟಿಯಾಗಿ ಸಿಗುವ ವಿಡಿಯೋ ಸರ್ವರ್ ಸಾಫ್ಟ್‌ವೇರ್ ಹಾಕಿ ನಮ್ಮ ಟಿವಿಯ ಕೆಳಗೆ ಇಟ್ಟಿದ್ದೇನೆ. ಗಣೇಶನ ಹಬ್ಬದಲ್ಲಿ ಮಕ್ಕಳು ಕುಣಿದದ್ದು, ಯಾರದೋ ನಾಮಕರಣ, ಎಲ್ಲವನ್ನೂ ಅದು ಎಲ್ಲರ ಮನೆಯ ಟಿವಿಗೂ ಕಳಿಸುತ್ತದೆ. ನೇರಪ್ರಸಾರವನ್ನೂ ಮಾಡುತ್ತದೆ, ಆದರೆ ಆಗೆಲ್ಲ ಅರ್ಧ ಗಂಟೆಯಾಗುತ್ತಲೇ ತಾನಾಗಿ ನಿಂತುಬಿಡುತ್ತಿತ್ತು. ಮೂರನೇ ಮಹಡಿಯವರ ಸೀಮಂತದಲ್ಲಿ ಆರತಿ ತಟ್ಟೆ ಮೇಲೆತ್ತಿದ್ದನ್ನು ನೋಡಿದವರು, ಅದು ಕೆಳಗಿಳಿದದ್ದನ್ನು ಇವತ್ತಿನವರೆಗೂ ನೋಡಿಲ್ಲ.

ಹೀಗಿರುವಾಗ ಎದುರು ಮನೆಯ ಮೆಹರುನ್ನೀಸಾ ತಮ್ಮ ಮಗಳ ನಿಕಾಹ್‌ನ ವಿಷಯ ತೆಗೆದರು. ಹುಡುಗಿಯನ್ನು ಸಾಕಿ ಬೆಳೆಸಿದ್ದು ಅಜ್ಜಿ, ಮೆಹರುನ್ನೀಸಾರ ತಾಯಿ. ಆಕೆ ಬಚ್ಚಲಲ್ಲಿ ಜಾರಿ ಬಿದ್ದು, ತೊಡೆಯ ಮೂಳೆ ಮುರಿದುಕೊಂಡು, ಆರ್.ಟಿ. ನಗರದಲ್ಲಿ ಮಗನ ಮನೆಯಲ್ಲಿ ಮಲಗಿದ್ದರು. “ಅಮ್ಮೀಗೆ ಬೇರೆ ಏನೂ ಬೇಡ ಭಾಯಿಸಾಬ್. ಮಗು ಕುಬೂಲ್, ಒಪ್ಪಿದೆ ಅನ್ನೋದು ಒಂದು ಕಿವಿಗೆ ಬಿದ್ರೆ ಸಾಕಂತೆ” ಎಂದರು. ಫೋನಿನಲ್ಲಿ ತೋರಿಸಬಹುದಿತ್ತು ಅನ್ನುತ್ತೀರಿ. ಮದುವೆ ಮನೆಯಲ್ಲಿ ಫೋನು ಹಿಡಿದವರು ಕೊನೆಗೆ ತೋರಿಸುವುದು ತಮ್ಮ ಚಪ್ಪಲಿಯನ್ನು. “ನನಗೆ ಬಿಡಿ” ಎಂದುಬಿಟ್ಟೆ. ಆಡಿ ಮುಗಿದ ಮೇಲೆ ಆ ಅರ್ಧ ಗಂಟೆಯ ರೋಗ ನೆನಪಾಯಿತು.

ದೇವರ ದಯೆ, ಅದೇ ವಾರ ಸಾಫ್ಟ್‌ವೇರಿಗೆ ಅಪ್‌ಡೇಟ್ ಬಂತು. ನೇರಪ್ರಸಾರ ನಡುವೆ ನಿಲ್ಲುವ ತೊಂದರೆಯನ್ನು ಸರಿಪಡಿಸಿದ್ದೇವೆ ಎಂದು ಅದರಲ್ಲಿತ್ತು. ನನ್ನ ಹೆಂಡತಿ ಶೈಲಜಾ, “ಹೇಗೋ ನಡೀತಿರೋದನ್ನ ಕೆದಕ್ಬೇಡಿ ಕಣ್ರೀ” ಎಂದಳು. ನಾನು ಕೇಳುವ ಪೈಕಿಯಲ್ಲ. ಶನಿವಾರ ಸಂಜೆ ಅಪಾರ್ಟ್‌ಮೆಂಟಿನ ಗ್ರೂಪಿಗೆ ಗ್ರಾಂಥಿಕ ಕನ್ನಡದ ಠೀವಿಯಲ್ಲಿ ಒಂದು ಪ್ರಕಟಣೆ ಹಾಕಿದೆ: “ನಾಳಿನ ನಿಕಾಹ್‌ಗೆ ಮುನ್ನ, ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಮನೆಯಲ್ಲಿ ದೋಷ ಪರಿಹಾರ ನಡೆಯಲಿದೆ. ಆ ವೇಳೆ ಇತರ ಸೇವೆಗಳು ಇರುವುದಿಲ್ಲ. ಸರ್ವರೂ ಸಹಕರಿಸಬೇಕು.”

ಭಾನುವಾರ ಅಪ್‌ಡೇಟಿನ ಗುಂಡಿ ಒತ್ತಿದೆ, ಬಾಗಿಲ ಗಂಟೆ ಹೊಡೆಯಿತು. ನೋಡಿದರೆ ಮುನಿವೆಂಕಟಪ್ಪ. ನಮ್ಮ ಅಪಾರ್ಟ್‌ಮೆಂಟು ಎದ್ದಿರುವುದೇ ಅವರ ರಾಗಿ ಹೊಲದಲ್ಲಿ. ಮಡಿ ಪಂಚೆ ಉಟ್ಟು, ಕೈಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು ಹಿಡಿದಿದ್ದರು. “ಯಾವ್ ದೋಸ ಸಾಮಿ? ನಾಗದೋಸನಾ? ಉತ್ತ ಇರೋ ಜಾಗ ಕಣಪ್ಪಾ, ಉಸಾರು ಅಂತ ಬಿಲ್ಡರ್‌ಗೆ ಆಗ್ಲೇ ಏಳಿದ್ದೆ” ಎಂದರು. ಅವರ ಹಿಂದೆ ಹೂವಿನ ಬುಟ್ಟಿ ಹಿಡಿದ ಮೂವರು ಹೆಂಗಸರು. ಶೈಲಜಾ ನನ್ನನ್ನು ಒಮ್ಮೆ ನೋಡಿ, ಕಾಫಿಗೆ ಹಾಲಿಟ್ಟಳು.

ಅಷ್ಟರಲ್ಲಿ ಮೆಹರುನ್ನೀಸಾ ಓಡಿಬಂದರು. ಮುಖ ಬಿಳಿಚಿಕೊಂಡಿತ್ತು. “ಭಾಯಿಸಾಬ್, ನಿಕಾಹ್‌ಗೆ ಏನ್ ದೋಷ? ಹುಡುಗನ ಕಡೆಯವ್ರ ಕಿವಿಗೆ ಬಿದ್ರೆ ನಾನ್ ಏನಂತ ಹೇಳ್ಲಿ?” ನನಗೆ ನಗು ಹಾರಿಹೋಗಿ ನಿಜಕ್ಕೂ ನಾಚಿಕೆಯಾಯಿತು. ದೋಷ ಹುಡುಗನದಲ್ಲ, ಹುಡುಗಿಯದಲ್ಲ, ಗ್ರಹದ್ದಲ್ಲ, ಈ ಡಬ್ಬಿಯದು ಎಂದು ಕೈಮುಗಿದು ಹೇಳಿದೆ. ಅವರು ಸೋಫಾದಲ್ಲಿ ಕುಸಿದು ಕೂತು, “ಬಗ್ ಅಂತ ಬರೀಬಾರ್ದಾ? ಅದು ಚಿಕ್ ಮಕ್ಳಿಗೂ ಅರ್ಥ ಆಗ್ತದೆ” ಎಂದರು. ಕನ್ನಡ ಮೇಷ್ಟರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕೆ?

ಇತ್ತ ಅಪ್‌ಡೇಟು ಮುಕ್ಕಾಲು ಪಾಲು ಮುಗಿದು, ಹಠ ಹಿಡಿದ ಎಮ್ಮೆಯಂತೆ ನಿಂತಿತ್ತು. ಎಲ್ಲರೂ ಪರದೆಯ ಸುತ್ತ ಚಕ್ಕಳಮಕ್ಕಳ ಹಾಕಿ ಕೂತರು. “ಎಂಗೂ ತಂದಿವ್ನಿ, ಒಂದ್ ಕಾಯಿ ಒಡ್ದ್‌ಬುಡವಾ” ಎಂದು ಮುನಿವೆಂಕಟಪ್ಪ ಬಾಲ್ಕನಿಗೆ ಹೋಗಿ ಒಡೆದರು. ಸಾಫ್ಟ್‌ವೇರು ತನ್ನ ಪಾಡಿಗೆ ಕೆಲಸ ಮುಗಿಸಿ ಎದ್ದುಕೂತದ್ದು ಆಗಲೇ. ಕೀರ್ತಿಯೆಲ್ಲ ಕಾಯಿಗೆ ಹೋಯಿತು. ಮೆಹರುನ್ನೀಸಾ ಕೂಡ ಒಂದು ಚೂರು ಕೊಬ್ಬರಿ ಬಾಯಿಗೆ ಹಾಕಿಕೊಂಡೇ ಹೋದರು.

ಮಧ್ಯಾಹ್ನ ಛತ್ರದಲ್ಲಿ ಕ್ಯಾಮೆರಾ ನಿಲ್ಲಿಸಿದೆ. ಅರ್ಧ ಗಂಟೆ ದಾಟುವಾಗ ಗಡಿಯಾರವನ್ನೇ ನೋಡುತ್ತಿದ್ದೆ. ಪ್ರಸಾರ ನಿಲ್ಲಲಿಲ್ಲ. ಹುಡುಗಿ ತಲೆ ತಗ್ಗಿಸಿ ಕುಬೂಲ್ ಎಂದಳು. ಮೂರು ಸಲವೂ ಸ್ಪಷ್ಟವಾಗಿ ಕೇಳಿಸಿತೆಂದು, ಅಮ್ಮೀ ಅಳುತ್ತಿದ್ದಾರೆಂದು ಆರ್.ಟಿ. ನಗರದಿಂದ ಫೋನ್ ಬಂತು. ನನ್ನ ಕಣ್ಣೂ ಒದ್ದೆಯಾಯಿತು, ಯಾಕೆ ಸುಳ್ಳು ಹೇಳಲಿ.

ಆ ಸಂತೋಷದಲ್ಲಿ ಅಲ್ಲೇ ಹಾಕಿದ್ದ ಊಟದ ಮೇಜಿಗೆ ಕೂತೆ. ತುಪ್ಪದಲ್ಲಿ ಹುರಿದು ಹಾಲಲ್ಲಿ ನೆನೆಸಿದ ಬ್ರೆಡ್ಡಿನ ಸಿಹಿ ಬಂತು. ಬೆಳಗಿನ ಅತಿಥಿಗಳು ಟಿವಿಯಲ್ಲಿ ಮದುವೆ ನೋಡಲು ನಮ್ಮ ಮನೆಯಲ್ಲೇ ಉಳಿದದ್ದರಿಂದ ಶೈಲಜಾ ಬಂದಿರಲಿಲ್ಲ. ಅವಳದೇ ಫೋನು.

“ಊಟ ಆಯ್ತಾ?”

“ಆಯ್ತು. ಸಿಹಿ ಮುಟ್ಲಿಲ್ಲ, ಡಾಕ್ಟರು ಬೇಡ ಅಂದಿದಾರಲ್ಲ.”

“ಅದು ಮೂರನೇ ಬಟ್ಲು, ಕೆಳಗಿಡಿ. ಮುನಿವೆಂಕಟಪ್ಪನೋರು ಎಣಿಸ್ತಾ ಇದಾರೆ. ಮದುವೆ ಮನೆ, ತಿನ್ಲಿ ಬಿಡಮ್ಮಾ ಅಂತ ಆರ್.ಟಿ. ನಗರದ ಅಜ್ಜಿ ಈಗ ತಾನೇ ಫೋನ್ ಮಾಡಿ ಶಿಫಾರಸು ಮಾಡಿದ್ರು.”

ತಲೆ ಎತ್ತಿದೆ. ಎದುರಿಗೇ ಕ್ಯಾಮೆರಾ, ಅದರ ಕೆಂಪು ದೀಪ ಉರಿಯುತ್ತಿತ್ತು. ಇಷ್ಟು ದಿನ ಪ್ರಸಾರ ತಾನಾಗಿಯೇ ನಿಲ್ಲುತ್ತಿತ್ತು, ನಿಲ್ಲಿಸುವ ಅಭ್ಯಾಸವೇ ನನಗಿರಲಿಲ್ಲ. ಬಟ್ಟಲನ್ನು ಮೇಜಿನ ಮೇಲಿಟ್ಟು, ಇಟ್ಟೆ ಕಣೇ ಎಂದೆ. ಅವಳು ನಂಬಲಿಲ್ಲ. ನೇರಪ್ರಸಾರ ಎಂದರೂ ಚಿತ್ರ ಮನೆಗೆ ತಲುಪಲು ಕೆಲವು ಕ್ಷಣ ಬೇಕು. ಅಷ್ಟು ಹೊತ್ತು ಇಬ್ಬರೂ ಸುಮ್ಮನೆ ಕಾದೆವು.

“ಹೂಂ,” ಎಂದಳು, “ಈಗ ಇಟ್ರಿ.”