ಗಲ್ಲೆಯ ಮೇಲೊಂದು ಹಸಿ ಕ್ಯಾರೆಟ್

ಹೋಟೆಲಿನ ಗಲ್ಲೆಯಲ್ಲಿ ಹಣ ಎಣಿಸುತ್ತ ಕೂತವನು ನಗೆಪಾಟಲಾಗಲು ಬೇರೆ ಕಡೆ ಹೋಗಬೇಕಾಗಿಲ್ಲ, ಅದು ತಾನಾಗಿಯೇ ಬಾಗಿಲು ದೂಡಿಕೊಂಡು ಒಳಗೆ ಬರುತ್ತದೆ. ಮುಂಬಯಿ ಪಕ್ಕದ ಠಾಣೆ ಊರಿನ ವರ್ತಕ ನಗರದಲ್ಲಿರುವ ನಮ್ಮ ಹೋಟೆಲಿಗೆ ನಾನು ಮ್ಯಾನೇಜರ್. ಇಪ್ಪತ್ತಾರು ವರ್ಷದಿಂದ ಗಲ್ಲೆ ನನ್ನದು, ಒಲೆ ನಮ್ಮ ಭಟ್ಟರದು. ಇಬ್ಬರೂ ಉಡುಪಿ ಕಡೆಯವರು. ಇಷ್ಟು ವರ್ಷದಲ್ಲಿ ನಮ್ಮ ನಡುವೆ ಬಾರದಿದ್ದ ಜಗಳವನ್ನು ಒಂದು ಕ್ಯಾರೆಟ್ ತಂದಿಟ್ಟಿತು. ಹಸಿ ತರಕಾರಿ ತಿನ್ನಲು ಹೊರಟ ನಾನು ಭಟ್ಟರನ್ನೇ ಕಳೆದುಕೊಳ್ಳುವುದರಲ್ಲಿದ್ದೆ. ಅದನ್ನೆಲ್ಲ ಹೇಳುತ್ತೇನೆ, ನಗುವವರು ನಗಬಹುದು. ನನ್ನ ಹೆಂಡತಿಯಂತೂ ಇನ್ನೂ ನಿಲ್ಲಿಸಿಲ್ಲ.

ಡಾಕ್ಟರರ ಚೀಟಿ

ರಕ್ತದಲ್ಲಿ ಸಕ್ಕರೆ ಗಡಿಗೆ ಬಂದು ನಿಂತಿದೆ ಎಂದು ರಿಪೋರ್ಟ್ ಬಂತು. ಡಾಕ್ಟರ್ ಮರಾಠಿ ಹೆಂಗಸು, ಮಾತು ಕಮ್ಮಿ.

"ದಿನಕ್ಕೆ ಏನೇನು ತಿನ್ನುತ್ತೀರಿ?"

"ಹೆಚ್ಚೇನಿಲ್ಲ ಮೇಡಂ. ಮನೆಯಲ್ಲಿ ಎರಡು ಹೊತ್ತು ಊಟ, ಅಷ್ಟೇ."

"ಹೋಟೆಲಿನಲ್ಲಿ?"

"ಅಲ್ಲಿ ತಿನ್ನುವುದಿಲ್ಲ, ಚೆಕ್ ಮಾಡುತ್ತೇನೆ. ಬೆಳಿಗ್ಗೆ ಹಿಟ್ಟು ಹುಳಿ ಬಂದಿದೆಯೋ ಅಂತ ಒಂದು ದೋಸೆ. ಎಣ್ಣೆ ಸರಿ ಇದೆಯೋ ಅಂತ ಎರಡು ವಡೆ. ಹನ್ನೊಂದಕ್ಕೆ ಶಿರಾ, ಸಿಹಿ ನೋಡಬೇಕಲ್ಲ. ಸಂಜೆ ಗೋಳಿಬಜೆ. ನಡುವೆ ಹಾಲು ಒಡೆದಿದೆಯೋ ಅಂತ ಐದಾರು ಕಾಫಿ."

ಅವರು ಚೀಟಿಯಲ್ಲಿ ಮೊದಲ ಸಾಲು ದಪ್ಪಗೆ ಬರೆದರು. ಆಮೇಲೆ ಹೇಳಿದರು: ಮೂರು ತಿಂಗಳು ಪ್ರತಿ ಊಟದಲ್ಲೂ ಅರ್ಧ ತಟ್ಟೆ ಹಸಿ ತರಕಾರಿ. ಸಕ್ಕರೆ ಇಳಿಯದಿದ್ದರೆ ಮಾತ್ರೆ. ಮಾತ್ರೆ ಎಂದರೆ ನನಗೆ ಮೊದಲಿನಿಂದಲೂ ಹೆದರಿಕೆ. ಚೀಟಿ ಹಿಡಿದುಕೊಂಡು ಕೆಳಗಿನ ಮೆಡಿಕಲ್‌ಗೆ ಹೋದೆ. ಅಂಗಡಿಯವನು ಓದಿ, "ಇದು ನಮ್ಮಲ್ಲಿ ಸಿಗುವುದಿಲ್ಲ" ಎಂದು ವಾಪಸು ಕೊಟ್ಟ. ಮೊದಲ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು: 'ಚೆಕಿಂಗ್ ಬಂದ್.'

ಒಗ್ಗರಣೆಯ ಮನೆತನ

ನಮ್ಮ ಮನೆ ಡೊಂಬಿವಲಿಯಲ್ಲಿ. ಸುದ್ದಿ ಕೇಳಿದ ಹೆಂಡತಿಗೆ ಖುಷಿಯಾಗುತ್ತದೆ, ಅಡುಗೆ ಕೆಲಸ ಅರ್ಧ ಕಮ್ಮಿಯಾಯಿತಲ್ಲ ಎಂದುಕೊಂಡಿದ್ದೆ. ಅವಳು ಹಸಿ ಕ್ಯಾಬೇಜ್ ಹೆಚ್ಚಿ ತಂದಿಟ್ಟಳು. ಮೇಲೆ ಅಂಗೈ ತುಂಬ ತೆಂಗಿನ ತುರಿ, ಅದರ ಮೇಲೆ ಇನ್ನೂ ಚಟಪಟ ಎನ್ನುತ್ತಿದ್ದ ಸಾಸಿವೆ, ಉದ್ದಿನಬೇಳೆ, ಒಣಮೆಣಸು, ತೆಂಗಿನೆಣ್ಣೆ.

"ಇದೆಂತ ಮಾರಾಯ್ತಿ, ಹಸಿ ಅಂದರೆ ಹಸಿ ಅಲ್ವಾ?"

"ಹಸಿಯೇ. ಒಗ್ಗರಣೆ ಮಾತ್ರ ಹಾಕಿದ್ದು."

"ಹಸಿಗೆ ಒಗ್ಗರಣೆ ಹಾಕಬಾರದು."

"ಒಗ್ಗರಣೆ ಹಾಕದ್ದನ್ನು ಬಡಿಸಿದರೆ ನನ್ನ ಅಮ್ಮ ಏನು ಹೇಳಿಯಾರು?"

"ನಿನ್ನ ಅಮ್ಮ ಬೈಂದೂರಿನಲ್ಲಿದ್ದಾರೆ, ಅವರಿಗೆ ಹೇಗೆ ಗೊತ್ತಾಗುತ್ತದೆ?"

"ನಾನೇ ಹೇಳ್ತೇನಲ್ಲ" ಎಂದಳು. ಕಾಲೇಜಿಗೆ ಹೋಗುವ ಮಗಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲೇ. ಮೊಬೈಲಿನಿಂದ ತಲೆ ಎತ್ತದೆ ಕೇಳಿದಳು: "ಮಮ್ಮಿ, ಆಜ್ ಸೇ ಪಪ್ಪಾ ಬಕ್ರಿ ಹೈ ಕ್ಯಾ?" ಅವತ್ತಿನಿಂದ ಮನೆಯಲ್ಲಿ ನಾನು ಆಡು.

ಲೋಕಲಿನಲ್ಲಿ ಸೌತೆಕಾಯಿ

ಡೊಂಬಿವಲಿಯಿಂದಲೇ ಹೊರಡುವ ಸ್ಲೋ ಲೋಕಲ್ ರೈಲಿನಲ್ಲಿ ನಮ್ಮದೊಂದು ಗುಂಪಿದೆ. ವರ್ಷಗಳಿಂದ ಅದೇ ಬೋಗಿ, ಅದೇ ಕಿಟಕಿ. ಮನೆಯ ಒಗ್ಗರಣೆಯಿಂದ ತಪ್ಪಿಸಿಕೊಳ್ಳಲು ನಾನೇ ಸೌತೆಕಾಯಿ ಹೆಚ್ಚಿ ಟಿಫಿನ್‌ನಲ್ಲಿ ತಂದೆ. ಒಬ್ಬನೇ ತಿನ್ನುವುದು ಚೆನ್ನಾಗಿರುವುದಿಲ್ಲವೆಂದು ಎಲ್ಲರಿಗೂ ಹಿಡಿದೆ. ಠಾಣೆ ಬರುವಷ್ಟರಲ್ಲಿ ನನ್ನ ಪಾಲಿಗೆ ಮುಚ್ಚಳ ಉಳಿದಿತ್ತು.

ಅವರಿಗೂ ಪಾಪ, ಬರಿಗೈಯಲ್ಲಿ ತಿಂದೆವಲ್ಲ ಎಂಬ ಸಂಕೋಚ. ಮರುದಿನ ಎದುರು ಸೀಟಿನವರು ಉಪ್ಪು, ಖಾರದ ಪುಡಿ ತಂದರು. ಅದರ ಮರುದಿನ ಒಬ್ಬರು ಈರುಳ್ಳಿ, ಲಿಂಬೆ. ನಾಲ್ಕನೆಯ ದಿನ ಶೇಂಗಾ. ಐದನೆಯ ದಿನ ಚುರುಮುರಿ, ಸೇವ್ ಮತ್ತು ಹುಣಸೆ ಬೆಲ್ಲದ ಚಟ್ನಿಯ ಬಾಟಲಿ ಬಂತು. "ಡಾಕ್ಟರ್ ಹೇಳಿದ್ದಾರೆ, ತಿನ್ನಲೇಬೇಕು" ಎಂದು ಎಲ್ಲರೂ ಸೇರಿ ನನಗೇ ಹೆಚ್ಚು ಹಾಕಿದರು. ಆರನೆಯ ದಿನ ನಾನು ಸೌತೆಕಾಯಿ ತರುವುದು ಮರೆತಿದ್ದೆ. ಯಾರಿಗೂ ಗೊತ್ತೇ ಆಗಲಿಲ್ಲ.

ಹಸಿಮೆಣಸಿನಕಾಯಿ

ಪಕ್ಕದೂರು ಕಲ್ಯಾಣದ ಮಾರ್ಕೆಟ್ಟಿನಿಂದ ನಮ್ಮ ಹೋಟೆಲಿಗೆ ತರಕಾರಿ ತರುವ ಟೆಂಪೋದ ಹಮಾಲ ಕಲಬುರಗಿ ಕಡೆಯವನು. ಮೂಟೆ ಇಳಿಸಿ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚುತ್ತಾನೆ. ಒಂದು ದಿನ ನಾನು ಟಿಫಿನ್ ಹಿಡಿದು ಅವನ ಪಕ್ಕ ನಿಂತು, ಹಸಿ ತರಕಾರಿಯ ಮಹಿಮೆ ಹೇಳಲು ಶುರುಮಾಡಿದೆ. ನಾರು, ಜೀವಸತ್ವ ಎಂದೆಲ್ಲ ಮೊಬೈಲಿನಲ್ಲಿ ನೋಡಿದ್ದನ್ನು ಒಪ್ಪಿಸಿದೆ. ಅವನು ತಲೆಯಾಡಿಸುತ್ತ ಕೇಳಿದ. ನಾನು ಬಗ್ಗಿ ನೋಡಿದರೆ ಅವನ ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪಕ್ಕದಲ್ಲಿ ಹಸಿ ಮೆಂತ್ಯದ ಸೊಪ್ಪು, ಇಡೀ ಮೂಲಂಗಿ, ಗುದ್ದಿ ಒಡೆದ ಉಳ್ಳಾಗಡ್ಡಿ.

"ಇದಕ್ಕೂ ಡಾಕ್ಟರ್ ಚೀಟಿ ಬೇಕೇನ್ರಿ ಅಣ್ಣಾ?" ಎಂದು ಕೇಳಿದ.

"ನೀವು ದಿನಾ ಹೀಗೇ ತಿನ್ನುವುದಾ?"

"ಹುಟ್ಟಿದಾಗಿಂದ ತಿಂತೀವ್ರಿ. ನಮಗ ಕುದಸ್ಲಿಕ್ಕ ಟೈಮ್ ಇಲ್ರಿ, ಅದಕ್ಕ. ನೀವು ಇಷ್ಟ ದೊಡ್ಡ ಒಲಿ ಇಟ್ಕೊಂಡು ಹಸೀದು ತಿಂತೀರಿ ನೋಡ್ರಿ!" ಎಂದು ನಕ್ಕು, ಒಂದು ಹಸಿಮೆಣಸಿನಕಾಯಿ ಮುಂದೆ ಹಿಡಿದ. "ಇದೂ ಹಸೀದೇ ಅದರಿ, ತಗೋರಿ."

ಮಾನದ ಪ್ರಶ್ನೆ, ಕಚ್ಚಿದೆ. ಆಮೇಲೆ ಒಳಗೆ ಓಡಿ, ಖಾರ ಇಳಿಯುವ ತನಕ ನಾನು ತಿಂದ ಶಿರಾದ ವಿಷಯವನ್ನು ಡಾಕ್ಟರರಿಗೆ ಇವತ್ತಿನವರೆಗೂ ಹೇಳಿಲ್ಲ.

ಅಡಿಗಿ ಮನ್ಯಾಗ ಏನಾತು?

ಅಲ್ಲಿಂದ ಟಿಫಿನ್ ನೇರ ಗಲ್ಲೆಯ ಮೇಲೆ ಬಂತು. ಕೆಲಸದ ನಡುವೆ ಒಂದೊಂದು ತುಂಡು ಕ್ಯಾರೆಟ್ ಬಾಯಿಗೆ ಹಾಕಿಕೊಳ್ಳುವುದು ಸುಲಭವಾಗಿತ್ತು. ಇದರಲ್ಲಿ ತಪ್ಪಿದೆ ಎಂದು ನನಗೆ ಹೊಳೆಯಲೇ ಇಲ್ಲ.

ದಿನಾ ಬೆಳಿಗ್ಗೆ ಇಡ್ಲಿ ತಿನ್ನಲು ಬರುವ ಧಾರವಾಡದ ರಿಟೈರ್ಡ್ ಮಾಸ್ತರರೊಬ್ಬರಿದ್ದಾರೆ. ಮೂರು ದಿನ ನನ್ನನ್ನು ನೋಡಿದರು. ನಾಲ್ಕನೆಯ ದಿನ ಗಲ್ಲೆಯ ಮೇಲೆ ಬಗ್ಗಿ, ದನಿ ತಗ್ಗಿಸಿ ಕೇಳಿದರು: "ಮ್ಯಾನೇಜರ್ರ, ಖರೇ ಹೇಳ್ರಿ. ಅಡಿಗಿ ಮನ್ಯಾಗ ಏನಾರ ಬಿದ್ದದೇನು?"

"ಇಲ್ಲ ಮಾಸ್ತರ್ರೇ! ಯಾಕೆ?"

"ಇಪ್ಪತ್ತಾರು ವರ್ಷ ಇಲ್ಲೇ ತಿಂದವರು ಈಗ ಮನಿಯಿಂದ ಗಜ್ಜರಿ ತಂದು ತಿನ್ನಾಕತ್ತೀರಿ. ನಾವೇನು ತಿಳ್ಕೋಬೇಕು?"

ಮಾಸ್ತರರ ಗುಟ್ಟು ಎಂದರೆ ಊರಿಗೆಲ್ಲ ಪಾಠ. ವಾರದೊಳಗೆ ಗಿರಾಕಿಗಳು ಸಾಂಬಾರನ್ನು ಚಮಚದಲ್ಲಿ ಎತ್ತಿ ಎತ್ತಿ ನೋಡತೊಡಗಿದರು. ಸುದ್ದಿ ಒಲೆಯ ತನಕ ಹೋಯಿತು. ಕೆಲಸದ ಹೊತ್ತಿನಲ್ಲಿ ಎಂದೂ ಹೊರಗೆ ಬಾರದ ಭಟ್ಟರು ಸೌಟು ಹಿಡಿದುಕೊಂಡೇ ಗಲ್ಲೆಯ ಮುಂದೆ ಬಂದು ನಿಂತರು.

"ನನ್ನ ಕೈಯಡುಗೆ ನಿಮಗೆ ಸೇರುವುದಿಲ್ಲಾದರೆ ಬಾಯಿಬಿಟ್ಟು ಹೇಳಿ ಮಾರಾಯ್ರೆ. ಹೀಗೆ ನಾಲ್ಕು ಜನರ ಎದುರು ಡಬ್ಬಿ ಇಟ್ಟು ಹೇಳಬೇಡಿ. ಸಾನಪಾಡಾದ ಹೋಟೆಲಿನವರು ಕೆಲಸಕ್ಕೆ ಬನ್ನಿ ಅಂತ ಫೋನಿನ ಮೇಲೆ ಫೋನು ಮಾಡ್ತಾ ಇದ್ದಾರೆ."

ಹೋಟೆಲಿನ ಚಿಂತೆ ಆಮೇಲೆ. ಭಟ್ಟರಿಲ್ಲದ ಆ ಅಡುಗೆಮನೆಯನ್ನು ಯೋಚಿಸಲೂ ನನ್ನಿಂದಾಗಲಿಲ್ಲ. ಡಾಕ್ಟರ್, ಮಾತ್ರೆ, ಮೂರು ತಿಂಗಳು, ಎಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿ ಒಂದು ಷರತ್ತು ಹಾಕಿದರು: "ನಾಳೆಯಿಂದ ನಿಮ್ಮ ಹಸಿಯೂ ನನ್ನ ಅಡುಗೆಮನೆಯಿಂದಲೇ ಬರಬೇಕು. ಹೊರಗಿನ ಡಬ್ಬಿ ಕಂಡರೆ ನಾನು ಸಾನಪಾಡಾಕ್ಕೆ."

ಒಪ್ಪಿದೆ. ಹೋಗುವಾಗ ನನ್ನ ಡಬ್ಬಿಯಿಂದ ಒಂದು ಕ್ಯಾರೆಟ್ ಎತ್ತಿ ಬಾಯಿಗೆ ಹಾಕಿಕೊಂಡು, "ಉಪ್ಪು ಕಮ್ಮಿ" ಎಂದರು.

ಭಟ್ಟರ ಪ್ಲೇಟು

ಮರುದಿನದಿಂದ ಸ್ಟೀಲಿನ ತಟ್ಟೆಯಲ್ಲಿ ಕ್ಯಾರೆಟ್, ಬೀಟ್ರೂಟ್, ಬೀನ್ಸ್, ಮೊಳಕೆ ಹೆಸರು, ಸೌತೆಕಾಯಿ ಅಂದವಾಗಿ ಜೋಡಣೆಗೊಂಡು ಬರತೊಡಗಿದವು. ಮೇಲೆ ಲಿಂಬೆರಸ, ಕೊತ್ತಂಬರಿ. ಏನು ರುಚಿ! ಹೆಚ್ಚುವ ಕೈ ಬದಲಾದರೆ ಹಸಿ ತರಕಾರಿಯೂ ಇಷ್ಟು ಬದಲಾಗುತ್ತದಲ್ಲ ಎಂದು ನಾನು ಕಂಡಕಂಡವರಿಗೆ ಹೇಳಿದೆ. ಬೆಳಗಿನ ದೋಸೆ, ಸಂಜೆಯ ಗೋಳಿಬಜೆ ತಾವಾಗಿಯೇ ಬಿಟ್ಟುಹೋದವು. ಭಟ್ಟರು ಮಾತ್ರ ಬಿಗಿದ ಮುಖ ಸಡಿಲಿಸಲಿಲ್ಲ. ಸಾನಪಾಡಾದ ಫೋನೂ ನಿಂತಿರಲಿಲ್ಲ.

ಭಟ್ಟರ ಪ್ಲೇಟಿಗೆ ಮೂರು ತಿಂಗಳಾಯಿತು. ಸಕ್ಕರೆ ಗಡಿಯಿಂದ ಹಿಂದೆ ಸರಿದಿತ್ತು, ಡಾಕ್ಟರ್ ಮಾತ್ರೆ ಬೇಡ ಎಂದರು. ನನಗೆ ಸಂತೋಷ ತಡೆಯಲಾಗಲಿಲ್ಲ. ರಿಪೋರ್ಟನ್ನು ಗಲ್ಲೆಯ ಮೇಲೆ ಹರಡಿ ಮಾಸ್ತರರಿಗೂ ಸುತ್ತಲಿನ ಟೇಬಲಿನವರಿಗೂ ಭಾಷಣ ಶುರುಮಾಡಿದೆ.

"ಎಲ್ಲ ಹಸಿಯ ಪ್ರಭಾವ ಮಾಸ್ತರ್ರೇ! ಬೆಂಕಿ ಮುಟ್ಟಿತೋ, ತರಕಾರಿಯ ಸತ್ವ ಹೋಯಿತು. ನಿಜವಾಗಿ ನೋಡಿದರೆ ಒಲೆಯೇ ಮನುಷ್ಯನ ಶತ್ರು."

ಹೇಳಿ ತಿರುಗಿದರೆ ಭಟ್ಟರು ಹಿಂದೆಯೇ ನಿಂತಿದ್ದಾರೆ. ಇಪ್ಪತ್ತಾರು ವರ್ಷದ ಸ್ನೇಹ ಇವತ್ತಿಗೆ ಮುಗಿಯಿತು ಎಂದುಕೊಂಡೆ. ಅವರು ಬೈಯಲಿಲ್ಲ. ಹೆಗಲಿನ ಬೈರಾಸಿನಲ್ಲಿ ನಿಧಾನಕ್ಕೆ ಕೈ ಒರೆಸಿಕೊಂಡರು.

"ಮೂರು ತಿಂಗಳು ನೀವು ತಿಂದದ್ದೆಲ್ಲ ಇಡ್ಲಿ ಪಾತ್ರೆಯಲ್ಲಿ ಬೆಂದದ್ದು ಮಾರಾಯ್ರೆ. ಸೌತೆಕಾಯಿ ಒಂದು ಬಿಟ್ಟು."

"ಎಂತ?"

"ಹಬೆಯಲ್ಲಿಟ್ಟು, ಬಣ್ಣ ಹೋಗುವ ಮೊದಲು ತೆಗೆದು, ತಣ್ಣೀರಿಗೆ ಹಾಕಿ, ಆಮೇಲೆ ಲಿಂಬೆ ಹಿಂಡಿ ಕಳಿಸಿದ್ದು. ಬೆಂಕಿ ಕಾಣದ್ದನ್ನು ಬಡಿಸಲಿಕ್ಕೆ ನನಗೆ ಕೈ ಬರುವುದಿಲ್ಲ. ನಿಮ್ಮ ಹೊಟ್ಟೆ ಕೆಟ್ಟರೆ ಜನ ಡಾಕ್ಟರಿಗೆ ಬೈತಾರಾ? ಭಟ್ಟರಿಗೆ ಬೈತಾರೆ."

ಇಡೀ ಹೋಟೆಲು ನನ್ನ ಕಡೆ ನೋಡಿತು. ಇಷ್ಟು ವರ್ಷ ಅಡುಗೆಯ ರುಚಿ ನೋಡಿದ ನಾಲಿಗೆಗೆ ಹಸಿ ಯಾವುದು, ಬೆಂದದ್ದು ಯಾವುದು ಎಂದು ಮೂರು ತಿಂಗಳು ತಿಳಿದಿರಲಿಲ್ಲ. ಆದರೂ ಹೆದರುತ್ತಲೇ ಕೇಳಿದೆ: "ಹಾಗಾದರೆ ಸಾನಪಾಡಾ?"

"ನಿಮ್ಮ ಸಕ್ಕರೆ ಇಳಿದದ್ದು ನನ್ನ ಅಡುಗೆಯಿಂದ ಅಂತ ಇವರ ಎದುರು ಹೇಳಿ. ಹೋಗುವುದಿಲ್ಲ."

ಎದ್ದು ನಿಂತು ಹೇಳಿದೆ. ಎರಡು ಸಲ ಹೇಳಿದೆ. ಭಟ್ಟರ ಮುಖ ಮೂರು ತಿಂಗಳ ಮೇಲೆ ಅರಳಿತು. ಮಾಸ್ತರರು ರಿಪೋರ್ಟನ್ನು ಮತ್ತೊಮ್ಮೆ ಓದಿ, ಕನ್ನಡಕ ತೆಗೆದು, ಬಹಳ ಗಂಭೀರವಾಗಿ ಆರ್ಡರ್ ಕೊಟ್ಟರು:

"ನನಗೂ ಒಂದು ಹಸೀ ಪ್ಲೇಟ್ ಕಳಸ್ರಿ ಭಟ್ಟರ. ನನಗ ಹಲ್ಲಿಲ್ಲ, ಸ್ವಲ್ಪ ಜಾಸ್ತಿ ಬೇಯಿಸಿ ಕಳಸ್ರಿ."