ಗೋಬರ್ ಗ್ಯಾಸಿಗೆ ಹೆಪ್ಪು

ಗೊತ್ತಿರುವುದನ್ನು ಮಕ್ಕಳಿಗೆ ಕಲಿಸುವುದು ಸುಲಭ. ಅದನ್ನೇ ಮನೆಗೆ ಬಂದ ಮೇಲೂ ನೆನಪಿಟ್ಟುಕೊಳ್ಳುವುದು ಕಷ್ಟ. ಯಲಬುರ್ಗಾದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ಬ್ಯಾಕ್ಟೀರಿಯಾಗಳ ಪೋಷಣೆಯ ಪಾಠ ಮಾಡುತ್ತಿದ್ದೇನೆ. ಕೆಲವು ಬಿಸಿಲಿನಿಂದ ಶಕ್ತಿ ಪಡೆಯುತ್ತವೆ, ಕೆಲವು ಗಂಧಕವನ್ನೂ ಕಬ್ಬಿಣವನ್ನೂ ಬಿಡುವುದಿಲ್ಲ, ಇನ್ನು ಕೆಲವು ಕೊಳೆತದ್ದನ್ನೇ ಉಂಡು ಬೆಳೆಯುತ್ತವೆ ಎನ್ನುವಾಗ ಹಿಂದಿನ ಬೆಂಚಿನವರೂ ಎಚ್ಚರವಾಗಿರುತ್ತಾರೆ. ಊಟದ ಮಾತು ಬಂದರೆ ಯಾರಿಗೂ ನಿದ್ದೆ ಬರುವುದಿಲ್ಲ.

ಈ ಕೊನೆಯ ಪಂಗಡದವು ನಮ್ಮ ಹಿತ್ತಲಲ್ಲೇ ಇವೆ. ಎರಡು ಎಮ್ಮೆಗಳ ಸಗಣಿಯನ್ನು ನೀರಿನಲ್ಲಿ ಕಲಸಿ ಗೋಬರ್ ಗ್ಯಾಸಿನ ತೊಟ್ಟಿಗೆ ಬಿಟ್ಟರೆ, ಗಾಳಿಯಾಡದ ಆ ಕತ್ತಲೆಯಲ್ಲಿ ಅವು ಅದನ್ನು ತಿಂದು ನಮಗೆ ಉರಿ ಕೊಡುತ್ತವೆ. ಹೊಗೆಯಿಂದ ಕೆಮ್ಮು ಹತ್ತಿದ್ದ ಹೆಂಡತಿ ಶಾಂತವ್ವನಿಗಾಗಿಯೇ ಅದನ್ನು ಕಟ್ಟಿಸಿದ್ದೆ. ಹೆಮ್ಮೆ ಹೆಚ್ಚಾಗಿ ಮನೆಯ ಸಿಲಿಂಡರನ್ನು ತಮ್ಮನಿಗೆ ಕೊಟ್ಟೂಬಿಟ್ಟಿದ್ದೆ.

ಕಳೆದ ತಿಂಗಳು ಅವಳು ಅಳವಂಡಿಯ ತವರಿಗೆ ಹೋಗಿದ್ದಳು. ಬರುವಷ್ಟರಲ್ಲಿ ಕೊಟ್ಟಿಗೆಯನ್ನು ಥಳಥಳ ಮಾಡಿಟ್ಟು ಭೇಷ್ ಅನ್ನಿಸಿಕೊಳ್ಳಬೇಕೆಂಬ ಆಸೆ ನನಗೆ. ಎಂಟು ದಿನ ಧಾರಾಳವಾಗಿ ಫಿನೈಲ್ ಸುರಿದು ತೊಳೆದೆ. ತೊಳೆದ ನೀರು ಹರಿದು ಎಲ್ಲಿಗೆ ಹೋಗುತ್ತದೆಂದು ವಿಜ್ಞಾನದ ಮಾಸ್ತರನಿಗೆ ಹೊಳೆಯಲಿಲ್ಲ. ಅದು ನೇರವಾಗಿ ತೊಟ್ಟಿಗೆ ಹೋಗುತ್ತಿತ್ತು. ಅವಳು ಬಂದ ಮೇಲೆ, ಮೊದಲೇ ಕೂಡಿಕೊಂಡಿದ್ದ ಗ್ಯಾಸು ಎರಡು ದಿನ ಉರಿಯಿತು. ಮೂರನೆಯ ದಿನ ಆರಿತು.

ನಾನು ಪೈಪು, ವಾಲ್ವು, ಹವಾಮಾನ ಎಲ್ಲವನ್ನೂ ಅನುಮಾನಿಸಿದೆ. ಶಾಂತವ್ವ ಕೊಟ್ಟಿಗೆಯಲ್ಲಿ ಮೂಗರಳಿಸಿ ನಿಂತು, "ಇಲ್ಲೆ ಏನ್ ಹಾಕೀರಿ?" ಎಂದಳು. ಹೇಳಿದೆ.

"ತೊಟ್ಟ್ಯಾಗಿನವಕ್ಕ ವಿಷಾ ಉಣಿಸಿ, ಈಗ ಪೈಪ್ ನೋಡಾಕ ಹತ್ತೀರಿ" ಎಂದು ಕಟ್ಟಿಗೆ ತರಲು ಹೋದಳು. ರೊಟ್ಟಿ ಬಡಿಯುತ್ತ ಮತ್ತೆ ಕೆಮ್ಮಿದಳು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಪಕ್ಕದ ಓಣಿಯ ಟೇಲರ್ ಮಹಬೂಬಸಾಬರ ಮನೆಯಲ್ಲೂ ಗೋಬರ್ ಗ್ಯಾಸ್ ಇದೆ. ನಮ್ಮ ತೊಟ್ಟಿಯ ಕೆಟ್ಟ ರಾಡಿಯನ್ನು ಖಾಲಿ ಮಾಡಿಸಿ, ಅವರದರಿಂದ ಒಂದಿಷ್ಟು ಜೀವಂತ ರಾಡಿ ಕೇಳಲು ಹೋದೆ. ಮೊಸರಿಗೆ ಹೆಪ್ಪು ಕೇಳಲು ಬಟ್ಟಲು ಹಿಡಿದು ಹೋಗುವವರು ಎಲ್ಲ ಓಣಿಯಲ್ಲೂ ಇದ್ದಾರೆ. ತೊಟ್ಟಿಗೆ ಹೆಪ್ಪು ಕೇಳಲು ಬಕೆಟ್ ಹಿಡಿದು ಹೋದವನು ನಾನೊಬ್ಬನೇ ಇರಬೇಕು.

"ಒಯ್ರಿ ಮಾಸ್ತರ್, ಬೇಕಾದಷ್ಟು ಒಯ್ರಿ" ಎಂದರು ನನ್ನ ಫಿನೈಲಿನ ಕಥೆ ಕೇಳಿದ ಸಾಬರು. "ಆದ್ರ ಫಿನೈಲ್ ಹಾಕಿದ್ರ ಅವು ಸಾಯ್ತಾವು ಅಂತ ನಮ್ಮ ಹುಡುಗಿಗೆ ನೀವ ಕಲಿಸಿದ್ರಲ್ರಿ?"

ಕೇಳಿದ್ದು ಚೇಷ್ಟೆಗಲ್ಲ, ತಿಳಿದುಕೊಳ್ಳಲಿಕ್ಕೆ. ಅದೇ ಹೆಚ್ಚು ಕಷ್ಟವಾಯಿತು. ಬಕೆಟ್ ಮೇಲೆ ಬಕೆಟ್ ಹೊತ್ತೆ. ಶರ್ಟಿನ ವಾಸನೆ ಮಾತ್ರ ಎರಡು ದಿನ ತರಗತಿಯವರೆಗೂ ಬಂತು.

ಎರಡು ವಾರ ಕಳೆದ ಮೇಲೆ ಉರಿ ಮರಳಿತು, ಕೆಮ್ಮೂ ಕಡಿಮೆಯಾಯಿತು. ಈಗ ತೊಟ್ಟಿಯ ಉಸ್ತುವಾರಿ ಪೂರ್ತಿ ಶಾಂತವ್ವನದು. ಬೆಳಿಗ್ಗೆ ಶಾಲೆಗೆ ಹೊತ್ತಾಯಿತೆಂದು ಖಾಲಿ ತಾಟಿನ ಮುಂದೆ ಕೂತು ಕರೆದರೆ, ಹಿತ್ತಲಲ್ಲಿ ಸಗಣಿ ಕಲಸುತ್ತಲೇ ಉತ್ತರ ಕೊಡುತ್ತಾಳೆ:

"ತಡೀರಿ, ಮೊದಲ ದುಡಿಯೋರು ಉಣ್ಲಿ."